ಕೊರತೆ ಇರುವಲ್ಲಿ ನ್ಯಾಯವಾಗಿ ಹಂಚೋದು: ಯಾವ ಆಲ್ಗಾರಿದಮ್ ಹಿಡಿಯಲಿ?

ಶೇಷ
ಎಲ್ಲರಿಗೂ ನಮಸ್ಕಾರ. ಸಂಶೋಧನೆಗೆ ಈಗಷ್ಟೇ ಸೇರಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ ನಾಲ್ಕು ಗುಂಪುಗಳಿಗೆ ಒಂದೇ ಕ್ಲಸ್ಟರ್ (ಒಟ್ಟಿಗೆ ಜೋಡಿಸಿಟ್ಟ ಕಂಪ್ಯೂಟರ್‌ಗಳು). ಭಾರಿ ಲೆಕ್ಕ ಮಾಡೋ ಚಿಪ್‌ಗಳು, ಅಂದ್ರೆ ಜಿಪಿಯು ಕಮ್ಮಿ, ಕೆಲಸ ಜಾಸ್ತಿ. ಸದ್ಯಕ್ಕಿರೋ ನಿಯಮ ಒಂದೇ, ಮೊದಲು ಬಂದವರಿಗೆ ಮೊದಲು. ಒಂದು ಗುಂಪಿನವರು ರಾತ್ರಿ 12ಕ್ಕೆ ಸರಿಯಾಗಿ ಇಡೀ ದಿನದ ಕೆಲಸವನ್ನ ಸರದಿಗೆ ತುಂಬೋ ಸ್ಕ್ರಿಪ್ಟ್ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಬಂದು ಕೂತವರಿಗೆ ಸಂಜೆವರೆಗೂ ಏನೂ ಸಿಗಲ್ಲ. ನಿಯಮ ಯಾರೂ ಮುರಿದಿಲ್ಲ, ಆದ್ರೂ ಎಲ್ಲರಿಗೂ ಸಿಟ್ಟು.

ಇದನ್ನೇ ಪ್ರಬಂಧದ ವಿಷಯ ಮಾಡ್ಕೋ ಅಂದ್ರು ಗೈಡ್. ಮೂರು ವಾರ ಓದಿದೆ. ಈಗ ಕೈಯಲ್ಲಿರೋದು ನ್ಯಾಯಕ್ಕೆ ಐದು ವ್ಯಾಖ್ಯಾನ, ಜೊತೆಗೆ ‘ಇದನ್ನೂ ಅದನ್ನೂ ಒಟ್ಟಿಗೆ ಸಾಧಿಸೋಕಾಗಲ್ಲ’ ಅನ್ನೋ ಪ್ರಮೇಯಗಳು. ನೇರವಾಗಿ ಕೇಳ್ತೀನಿ: ಇವುಗಳಲ್ಲಿ ನಿಜವಾದ ನ್ಯಾಯ ಯಾವುದು? ಅದನ್ನ ಹಿಡಿದು ಕೋಡ್ ಬರೆದು ಮುಗಿಸ್ತೀನಿ.

ಕತ್ತರಿ
> ಕೋಡ್ ಬರೆದು ಮುಗಿಸ್ತೀನಿ

ಈ ಸಾಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಎರಡು ವರ್ಷ ಬಿಟ್ಟು ನಗೋಕೆ ಬೇಕಾಗುತ್ತೆ.

ಎರಡನೇಓದು
ಶೇಷ ಅವರೇ, ಕತ್ತರಿಯವರ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ, ಎಲ್ಲರೂ ಅಲ್ಲಿಂದಲೇ ಹೊರಟವರು.

ಈ ಕ್ಷೇತ್ರದ ಅ-ಆ-ಇ-ಈ ಕೇಕ್ ಕತ್ತರಿಸುವ ಸಮಸ್ಯೆ. ಇಬ್ಬರಾದರೆ ಸುಲಭ: ಒಬ್ಬರು ಕತ್ತರಿಸಲಿ, ಇನ್ನೊಬ್ಬರು ಆರಿಸಲಿ. ಮೂವರು, ನಾಲ್ವರಾದರೆ? 1940ರ ದಶಕದಲ್ಲಿ ಪೋಲೆಂಡಿನ ಗಣಿತಜ್ಞ ಹ್ಯೂಗೊ ಸ್ಟೈನ್‌ಹೌಸ್ ಇದನ್ನು ಪ್ರಶ್ನೆಯಾಗಿ ಎತ್ತಿದರು. ಬನಾಖ್ ಮತ್ತು ಕ್ನಾಸ್ಟರ್ ಕೊಟ್ಟ ಉತ್ತರ ಚೆಂದ. ಒಬ್ಬರು ತಮ್ಮ ದೃಷ್ಟಿಯಲ್ಲಿ ನ್ಯಾಯವಾದ ಒಂದು ಪಾಲು ಕತ್ತರಿಸುತ್ತಾರೆ. ಅದು ಕೈಯಿಂದ ಕೈಗೆ ಹೋಗುತ್ತದೆ. ಜಾಸ್ತಿಯಾಯಿತು ಅನ್ನಿಸಿದವರು ಒಂದಿಷ್ಟು ಕತ್ತರಿಸಿ ಚಿಕ್ಕದು ಮಾಡುತ್ತಾರೆ. ಕೊನೆಯದಾಗಿ ಕತ್ತರಿ ಆಡಿಸಿದವರಿಗೆ ಆ ತುಂಡು. ಉಳಿದವರು ಮತ್ತೆ ಮೊದಲಿನಿಂದ.

ಇಲ್ಲಿ ಪ್ರತಿಯೊಬ್ಬರಿಗೂ, ಅವರವರ ಲೆಕ್ಕದಲ್ಲಿ, ಇಡೀ ಕೇಕಿನ 1/n ಆದರೂ ಸಿಕ್ಕೇ ಸಿಗುತ್ತದೆ. ಆದರೆ ಮೊದಲ ಸುತ್ತಿನಲ್ಲೇ ಪಾಲು ತೆಗೆದುಕೊಂಡು ಎದ್ದವರು ಆಮೇಲೆ ಕೂತು ನೋಡಿದರೆ, ಕೊನೆಯವರಿಗೆ ತಮಗಿಂತ ಒಳ್ಳೆಯದು ಸಿಕ್ಕಿದೆ ಅನ್ನಿಸಬಹುದು. ಅಂದರೆ ಹೊಟ್ಟೆಕಿಚ್ಚು ಉಳಿಯಿತು. ಅದೂ ಉಳಿಯದಂತೆ ಮೂವರಿಗೆ ಹಂಚುವ ವಿಧಾನ ಸಿಕ್ಕಿದ್ದು 1960ರ ಸುಮಾರಿಗೆ, ಸೆಲ್ಫ್‌ರಿಜ್ ಮತ್ತು ಕಾನ್ವೇ ಬೇರೆಬೇರೆಯಾಗಿ ಕಂಡುಕೊಂಡದ್ದು. ಎಷ್ಟೇ ಜನರಿದ್ದರೂ ನಡೆಯುವ ವಿಧಾನವನ್ನು ಬ್ರಾಮ್ಸ್ ಮತ್ತು ಟೇಲರ್ 1995ರಲ್ಲಿ ಕೊಟ್ಟರು, ಆದರೆ ಅದು ಎಷ್ಟು ಹೆಜ್ಜೆಗೆ ಮುಗಿಯುತ್ತದೆ ಅನ್ನುವುದಕ್ಕೆ ಮಿತಿಯೇ ಇರಲಿಲ್ಲ. ಮಿತಿಯಿರುವ ವಿಧಾನ ಬಂದದ್ದು 2016ರಲ್ಲಿ, ಅಜೀಜ್ ಮತ್ತು ಮೆಕೆಂಜಿ ಅವರಿಂದ. ಆ ಮಿತಿ n ಮೇಲೆ n, ಅದರ ಮೇಲೆ n, ಹೀಗೆ ಆರು ಅಂತಸ್ತಿನ ಘಾತ. ಮೂರೇ ಜನರಿಗೂ ಆ ಸಂಖ್ಯೆಯನ್ನು ಬರೆದು ಮುಗಿಸಲಾಗದು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಇಲ್ಲಿ ಎರಡು ವ್ಯಾಖ್ಯಾನ ಜಗಳವಾಡುತ್ತಿಲ್ಲ. ‘ನನಗೆ ಬರಬೇಕಾದ್ದು ಬಂದಿಲ್ಲ’ ಅನ್ನುವುದು ಒಂದು ದೂರು. ‘ಅವನಿಗೆ ನನಗಿಂತ ಒಳ್ಳೆಯದು ಸಿಕ್ಕಿದೆ’ ಅನ್ನುವುದು ಇನ್ನೊಂದು. ಮೊದಲನೆಯದನ್ನು ತೀರಿಸುವುದು ಅಗ್ಗ, ಎರಡನೆಯದು ಭಾರಿ ದುಬಾರಿ. ನಿಮ್ಮ ಐದೂ ವ್ಯಾಖ್ಯಾನಗಳನ್ನು ಹೀಗೆ ದೂರಾಗಿ ಅನುವಾದಿಸಿ ಬರೆದು ನೋಡಿ. ‘ನಿಜವಾದದ್ದು ಯಾವುದು’ ಅನ್ನುವ ಪ್ರಶ್ನೆಯ ಬಿಗಿ ಅರ್ಧ ಸಡಿಲವಾಗುತ್ತದೆ.

ಕತ್ತರಿ
ಕೇಕ್ ಕಥೆ ಸರಿ ಗುರುಗಳೇ, ಆದ್ರೆ ಜಿಪಿಯುನ ಚಾಕು ಹಾಕಿ ಕೊಯ್ಯೋಕಾಗುತ್ತಾ? ಒಂದೇ ವಸ್ತು, ಇಬ್ಬರಿಗೆ ಬೇಕು. ಒಬ್ಬರಿಗೆ ಹೊಟ್ಟೆ ಉರಿಯೋದು ಗ್ಯಾರಂಟಿ. ಅದಕ್ಕೇ ಬಿಡಿ ವಸ್ತುಗಳಿಗೆ ಷರತ್ತನ್ನ ಸಡಿಲ ಮಾಡಿದ್ರು: ಅವರ ಪಾಲಿನಿಂದ ಯಾವುದೋ ಒಂದು ವಸ್ತು ತೆಗೆದಿಟ್ಟರೆ ನನ್ನ ಹೊಟ್ಟೆಕಿಚ್ಚು ಹೋಗ್ಬೇಕು, ಅಷ್ಟು ಸಾಕು. ಇದಕ್ಕೆ ಇಎಫ್1 ಅಂತಾರೆ. ಪ್ರತಿ ವಸ್ತುವಿಗೂ ಅವರವರ ಬೆಲೆ ಕಟ್ಟಿ ಕೂಡಿಸೋ ಲೆಕ್ಕವಾದ್ರೆ, ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಆರಿಸ್ಕೊಂಡ್ರೂ ಇಎಫ್1 ಸಿಗುತ್ತೆ. ಮಕ್ಕಳು ಆಟಕ್ಕೆ ತಂಡ ಆರಿಸೋ ಹಾಗೆ.

ಇನ್ನೂ ಬಿಗಿಯಾದ್ದು ಇಎಫ್ಎಕ್ಸ್: ಯಾವುದೋ ಒಂದಲ್ಲ, ಯಾವ ಒಂದನ್ನ ತೆಗೆದ್ರೂ ಹೊಟ್ಟೆಕಿಚ್ಚು ಹೋಗ್ಬೇಕು. ಅದೇ ಕೂಡಿಸೋ ಲೆಕ್ಕದಲ್ಲಿ, ಮೂವರಿಗೆ ಇಂಥ ಹಂಚಿಕೆ ಯಾವಾಗಲೂ ಇರುತ್ತೆ ಅಂತ 2020ರಲ್ಲಿ ಸಾಧಿಸಿದ್ರು. ಆ ಸಾಧನೆಯನ್ನ ಹಾಗೇ ನಾಲ್ವರಿಗೆ ಎಳೆಯೋಕಾಗಲ್ಲ. ನಿಮ್ಮ ಗುಂಪುಗಳು ನಾಲ್ಕು. ಅದೃಷ್ಟ ನೋಡಿ!

ಶೇಷ
ಒಂದು ಅನುಮಾನ. ದೂರುಗಳ ಗೊಡವೆಯೇ ಬೇಡ, ಒಟ್ಟು ಲಾಭ ಎಲ್ಲಿ ಹೆಚ್ಚೋ ಅಲ್ಲಿಗೆ ಕೊಡೋಣ ಅಂದ್ರೆ? ಕ್ಲಸ್ಟರ್‌ನಿಂದ ಒಟ್ಟಾರೆ ಹೆಚ್ಚು ಕೆಲಸ ಆಗುತ್ತಲ್ಲ.

ಎರಡನೇಓದು
ಮಾಡಬಹುದು. ಒಂದು ಚಿಕ್ಕ ಲೆಕ್ಕ ನೋಡಿ. ಇಬ್ಬರ ನಡುವೆ ಮೂರು ಹಂಚಿಕೆ ಸಾಧ್ಯ ಅಂದುಕೊಳ್ಳಿ. ಮೊದಲನೆಯದರಲ್ಲಿ ಇಬ್ಬರಿಗೆ ಸಿಗುವ ಪ್ರಯೋಜನ 12 ಮತ್ತು 2. ಎರಡನೆಯದರಲ್ಲಿ 8 ಮತ್ತು 4. ಮೂರನೆಯದರಲ್ಲಿ 5 ಮತ್ತು 5. ಕೂಡಿಸಿದರೆ 14, 12, 10, ಹಾಗಾಗಿ ಮೊದಲನೆಯದು ಗೆಲ್ಲುತ್ತದೆ. ಅತಿ ಕಡಿಮೆ ಸಿಕ್ಕವರನ್ನೇ ನೋಡಿದರೆ 2, 4, 5, ಮೂರನೆಯದು ಗೆಲ್ಲುತ್ತದೆ. ಗುಣಿಸಿದರೆ 24, 32, 25, ನಡುವಿನದು ಗೆಲ್ಲುತ್ತದೆ.

ಗುಣಿಸುವ ಈ ದಾರಿ ಜಾನ್ ನ್ಯಾಶ್ 1950ರಲ್ಲಿ ಚೌಕಾಸಿಯ ಬಗ್ಗೆ ಬರೆದ ಪ್ರಬಂಧದಿಂದ ಬಂದದ್ದು. ಯಾರೊಬ್ಬರ ಪಾಲು ಸೊನ್ನೆಗೆ ಹತ್ತಿರವಾದರೂ ಗುಣಲಬ್ಧ ಕುಸಿಯುತ್ತದೆ, ಆದರೆ ಸಮಾನತೆಗಾಗಿ ಎಲ್ಲರನ್ನೂ ಕೆಳಗೆಳೆಯುವುದೂ ಇಲ್ಲ. ಇದೇ ಗುಣಲಬ್ಧ ಗರಿಷ್ಠವಾದ ಹಂಚಿಕೆ, ಕತ್ತರಿಯವರು ಹೇಳಿದ ಕೂಡಿಸುವ ಬೆಲೆಗಳಿದ್ದರೆ, ಇಎಫ್1 ಕೂಡ ಆಗಿರುತ್ತದೆ, ಮತ್ತು ಯಾರಿಗೂ ನಷ್ಟವಿಲ್ಲದೆ ಇನ್ನೊಬ್ಬರಿಗೆ ಹೆಚ್ಚು ಮಾಡಲು ಜಾಗವೂ ಉಳಿದಿರುವುದಿಲ್ಲ. ಇದನ್ನು ತೋರಿಸಿದ್ದು 2016ರಲ್ಲಿ. ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಮಾಡಿ ತೋರಿಸುವುದು ಮಾತ್ರ ಎನ್‌ಪಿ-ಹಾರ್ಡ್, ಅಂದರೆ ವಸ್ತುಗಳು ಹೆಚ್ಚಿದಂತೆ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಬಗೆಯ ಲೆಕ್ಕ, ಅದನ್ನೂ ಹೇಳಿಬಿಡುತ್ತೇನೆ.

ಸರ್ವರ್‌ರೂಮ್
ನಾನು ಪ್ರಬಂಧ ಬರೆಯೋನಲ್ಲ, ಕ್ಲಸ್ಟರ್ ನೋಡ್ಕೊಳ್ಳೋನು. ನಿಮ್ಮ ಸಮಸ್ಯೆಗೆ ನೇರವಾಗಿ ಕೂರೋದು 2011ರಲ್ಲಿ ಬಂದ ಡಿಆರ್‌ಎಫ್, ಅಂದ್ರೆ ಡಾಮಿನೆಂಟ್ ರಿಸೋರ್ಸ್ ಫೇರ್‌ನೆಸ್. ಎಲ್ಲರಿಗೂ ಒಂದೇ ಸಂಪನ್ಮೂಲ ಬೇಕಿದ್ರೆ ಸಮ ಪಾಲು ಅನ್ನಬಹುದು. ಒಬ್ಬರಿಗೆ ಮೆಮೊರಿ ಹೆಚ್ಚು, ಇನ್ನೊಬ್ಬರಿಗೆ ಸಿಪಿಯು ಹೆಚ್ಚು ಬೇಕಾದಾಗ ‘ಸಮ’ ಅಂದ್ರೆ ಏನು?

ಆ ಪ್ರಬಂಧದ್ದೇ ಉದಾಹರಣೆ: ಒಟ್ಟು 9 ಸಿಪಿಯು, 18 ಜಿಬಿ ಮೆಮೊರಿ. ಒಬ್ಬರ ಪ್ರತಿ ಕೆಲಸಕ್ಕೆ 1 ಸಿಪಿಯು, 4 ಜಿಬಿ. ಇನ್ನೊಬ್ಬರದಕ್ಕೆ 3 ಸಿಪಿಯು, 1 ಜಿಬಿ. ಮೊದಲನೆಯವರನ್ನ ಕಟ್ಟಿಹಾಕೋದು ಮೆಮೊರಿ, ಎರಡನೆಯವರನ್ನ ಸಿಪಿಯು. ಅವರವರನ್ನ ಯಾವುದು ಹೆಚ್ಚು ಕಟ್ಟಿಹಾಕುತ್ತೋ ಅದರ ಪಾಲನ್ನ ಸಮ ಮಾಡಿ. ಮೊದಲನೆಯವರಿಗೆ ಮೂರು ಕೆಲಸ (12 ಜಿಬಿ, ಅಂದ್ರೆ ಮೂರರಲ್ಲಿ ಎರಡು ಪಾಲು), ಎರಡನೆಯವರಿಗೆ ಎರಡು ಕೆಲಸ (6 ಸಿಪಿಯು, ಅದೂ ಮೂರರಲ್ಲಿ ಎರಡು ಪಾಲು). 9 ಸಿಪಿಯುನೂ ಬಳಕೆಯಾಯ್ತು.

ಇದರ ದೊಡ್ಡ ಗುಣ, ಬೇಡಿಕೆ ಬಗ್ಗೆ ಸುಳ್ಳು ಹೇಳಿದ್ರೆ ಲಾಭ ಇಲ್ಲ. ನೀವು ನಗಬಹುದು, ಆದ್ರೆ ಇದೇ ಮುಖ್ಯ. ನಾನು ಹಿಂದೆ ಇದ್ದ ಒಂದು ಕಡೆ, ಯಾರು ಯಂತ್ರಗಳನ್ನ ಹೆಚ್ಚು ಬಳಸ್ತಾರೋ ಅವರಿಗೆ ಮುಂದಿನ ತಿಂಗಳು ಹೆಚ್ಚು ಕೊಡೋ ನಿಯಮ ಇತ್ತು. ಒಂದು ತಂಡ ಖಾಲಿ ಲೂಪ್ ಓಡಿಸಿ ಬಳಕೆ ತೋರಿಸ್ತಿತ್ತು. ಯಂತ್ರ ಬಿಸಿ, ಕೆಲಸ ಸೊನ್ನೆ. ನಿಯಮ ಬರೆದೋನಿಗೆ ಮೂರು ತಿಂಗಳು ಗೊತ್ತೇ ಆಗಿರ್ಲಿಲ್ಲ. (ನಿಯಮ ಬರೆದೋನು ನಾನೇ.)

ಮೂಲೆಮನೆ
ಅಳೋ ಮಗುವಿಗೇ ಹಾಲು ಅನ್ನೋದನ್ನ ಇಷ್ಟು ಪುಟ ಗಣಿತದಲ್ಲಿ ಹೇಳ್ತಿದ್ದೀರಿ. ಇನ್ನೆರಡು ಜಿಪಿಯು ತಗೊಳ್ಳಿ, ಪ್ರಬಂಧ ಮುಗೀತು.

ಸರ್ವರ್‌ರೂಮ್
ಮೂಲೆಮನೆಯವರೇ, ಎರಡು ತಂದ್ರೆ ಆ ಎರಡನ್ನೂ ರಾತ್ರಿ 12ಕ್ಕೆ ಅದೇ ಸ್ಕ್ರಿಪ್ಟ್ ನುಂಗುತ್ತೆ.

ಚೀಟಿ
ಇಲ್ಲಿ ಎಲ್ಲರೂ ‘ನಾಲ್ಕು ಗುಂಪು, ನಾಲ್ಕು ಸಮಾನ ಹಕ್ಕುದಾರರು’ ಅಂತ ಹಿಡಿದುಕೊಂಡು ಹೊರಟಿದ್ದೀರಿ. ಒಂದರಲ್ಲಿ ಇಬ್ಬರಿದ್ದು ಇನ್ನೊಂದರಲ್ಲಿ 12 ಜನ ಇದ್ದರೆ? ಹಕ್ಕೇ ಬೇರೆಬೇರೆ ಗಾತ್ರದ್ದಾದಾಗ ಏನು ಮಾಡುವುದು ಅನ್ನುವುದು ಕಂಪ್ಯೂಟರಿಗಿಂತ ಬಹಳ ಹಳೆಯ ಪ್ರಶ್ನೆ.

ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಒಂದು ಲೆಕ್ಕವಿದೆ. ಸತ್ತವನ ಮೇಲೆ ಮೂವರ ಹಕ್ಕು: 100, 200, 300. ಆಸ್ತಿ 100 ಇದ್ದರೆ ಮೂವರಿಗೂ ಸಮ. 300 ಇದ್ದರೆ 50, 100, 150, ಅಂದರೆ ಹಕ್ಕಿಗೆ ತಕ್ಕಂತೆ. ಆದರೆ 200 ಇದ್ದರೆ 50, 75, 75! ಇದು ಸಮವೂ ಅಲ್ಲ, ಪ್ರಮಾಣವೂ ಅಲ್ಲ. ಶತಮಾನಗಳ ಕಾಲ ವ್ಯಾಖ್ಯಾನಕಾರರು ತಲೆಕೆಡಿಸಿಕೊಂಡಿದ್ದರು. 1985ರಲ್ಲಿ ಔಮನ್ ಮತ್ತು ಮಾಶ್ಲರ್ ಮೂರಕ್ಕೂ ಒಂದೇ ಸೂತ್ರ ತೋರಿಸಿಕೊಟ್ಟರು. ಪ್ರತಿಯೊಬ್ಬರಿಗೂ ಅವರ ಹಕ್ಕಿನ ಅರ್ಧ ಮುಟ್ಟುವವರೆಗೆ ಸಿಗುವುದನ್ನು ಸಮ ಮಾಡುತ್ತಾ ಹೋಗು. ಅರ್ಧ ದಾಟಿದ ಮೇಲೆ ಕಳೆದುಕೊಳ್ಳುವುದನ್ನು ಸಮ ಮಾಡು. 100ರ ಹಕ್ಕಿನವನು 50ಕ್ಕೆ ನಿಲ್ಲುತ್ತಾನೆ, ಉಳಿದ 150 ಇನ್ನಿಬ್ಬರಿಗೆ ಸಮ. ಕೂತಿತಲ್ಲ?

ಇದರ ಬೇರು ಅಲ್ಲೇ ಇರುವ ಒಂದು ಬಟ್ಟೆಯ ಜಗಳ. ಒಬ್ಬ ‘ಪೂರ್ತಿ ನನ್ನದು’ ಅನ್ನುತ್ತಾನೆ, ಇನ್ನೊಬ್ಬ ‘ಅರ್ಧ ನನ್ನದು’. ಎರಡನೆಯವನು ಅರ್ಧವನ್ನು ಆಗಲೇ ಬಿಟ್ಟುಕೊಟ್ಟಾಯಿತು. ಜಗಳ ಇರುವುದು ಉಳಿದ ಅರ್ಧಕ್ಕೆ ಮಾತ್ರ, ಅದನ್ನು ಸಮ ಮಾಡು: ಮುಕ್ಕಾಲು, ಕಾಲು. ಯಾವುದಕ್ಕೆ ಜಗಳವಿದೆಯೋ ಅದನ್ನಷ್ಟೇ ಹಂಚು ಅನ್ನುವ ಈ ಬುದ್ಧಿ ನನಗೆ ಎಷ್ಟೋ ಹೊಸ ಪ್ರಬಂಧಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಶೇಷ
ಇದು ತುಂಬಾ ಇಷ್ಟವಾಯ್ತು. ಹಾಗಾದ್ರೆ ಜನಸಂಖ್ಯೆಗೆ ತಕ್ಕಂತೆ ವಾರಕ್ಕಿಷ್ಟು ಜಿಪಿಯು ಅಂತ ಗೊತ್ತುಮಾಡಿ, ಭಿನ್ನರಾಶಿ ಬಂದ್ರೆ ದೊಡ್ಡ ಶೇಷ ಇರೋರಿಗೆ ಒಂದೊಂದು ಹೆಚ್ಚು ಕೊಟ್ರೆ ಆಯ್ತಲ್ಲ?

ಬೆಸಸಂಖ್ಯೆ
ಅಯ್ಯೋ, ನಿಮ್ಮ ಹೆಸರಿನ ಆಸೆಗೆ ಬೀಳಬೇಡಿ! ಅಮೆರಿಕದಲ್ಲಿ ರಾಜ್ಯಗಳಿಗೆ ಸಂಸತ್ ಸ್ಥಾನ ಹಂಚುವಾಗ ಇದೇ ವಿಧಾನ ಇತ್ತು. 1880ರ ಜನಗಣತಿ ಆದ ಮೇಲೆ ಲೆಕ್ಕ ಹಾಕಿದರೆ, ಒಟ್ಟು 299 ಸ್ಥಾನ ಇದ್ದಾಗ ಅಲಬಾಮಾಗೆ 8, 300 ಮಾಡಿದಾಗ 7. ಹಂಚೋ ವಸ್ತು ಹೆಚ್ಚಾಯ್ತು, ಒಬ್ಬರ ಪಾಲು ಕಮ್ಮಿ ಆಯ್ತು. ಇದಕ್ಕೆ ಅಲಬಾಮಾ ವಿರೋಧಾಭಾಸ ಅಂತಲೇ ಹೆಸರು. ಮೂಲೆಮನೆಯವರು ಹೇಳಿದ ಹಾಗೆ ನೀವು ಒಂದು ಜಿಪಿಯು ಹೊಸದಾಗಿ ತಂದ ದಿನ ಯಾವುದೋ ಗುಂಪಿಗೆ ಒಂದು ಕಮ್ಮಿ ಆದ್ರೆ, ಆ ಮೀಟಿಂಗಿಗೆ ನಾನೂ ಬರ್ತೀನಿ, ನೋಡೋಕೆ.

ಎಲ್ಲರ ಜನಸಂಖ್ಯೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ತರೋ ಭಾಗಾಕಾರದ ವಿಧಾನಗಳು, ಉದಾಹರಣೆಗೆ ವೆಬ್‌ಸ್ಟರ್‌ದು, ಈ ಗುಂಡಿಗೆ ಬೀಳಲ್ಲ. ಆದ್ರೆ ಅವುಗಳಲ್ಲಿ ಯಾರಿಗೋ ಅಪರೂಪಕ್ಕೆ ನ್ಯಾಯವಾದ ಪಾಲಿಗಿಂತ ಒಂದಕ್ಕೂ ಹೆಚ್ಚು ವ್ಯತ್ಯಾಸ ಬರಬಹುದು. ಈ ವ್ಯತ್ಯಾಸದಿಂದಲೂ, ಬೇಗ ಬೆಳೆದ ರಾಜ್ಯದ ಸ್ಥಾನ ನಿಧಾನಕ್ಕೆ ಬೆಳೆದ ರಾಜ್ಯಕ್ಕೆ ಹೋಗೋ ಇನ್ನೊಂದು ವಿರೋಧಾಭಾಸದಿಂದಲೂ ಒಟ್ಟಿಗೆ ಪೂರ್ತಿ ತಪ್ಪಿಸ್ಕೊಳ್ಳೋ ವಿಧಾನ ಇಲ್ಲ ಅಂತ ಬಲಿನ್ಸ್ಕಿ ಮತ್ತು ಯಂಗ್ ತೋರಿಸಿದ್ದಾರೆ.

ನನ್ನ ಸಲಹೆ: ನಿಯಮ ಯಾವುದಿರಬೇಕು ಅಂತ ಗುಂಪುಗಳೇ ಮತ ಹಾಕಲಿ. ಆದ್ರೆ ಹೇಗೂ ಆರೋ ಎಂಬಾತ 1951ರಲ್ಲೇ ಪ್ರಜಾಪ್ರಭುತ್ವ ಅಸಾಧ್ಯ ಅಂತ ಸಾಧಿಸಿಬಿಟ್ಟಿದ್ದಾರೆ, ಹಾಗಾಗಿ ಏನು ಮಾಡಿದ್ರೂ ಒಂದೇ. 😀

ಎರಡನೇಓದು
ತಮಾಷೆಗೆ ಹೇಳಿದ್ದು ಅಂತ ಗೊತ್ತು, ಆದರೂ ತಿದ್ದದೆ ಇರಲಾರೆ. ಆರೋ ಹೇಳಿದ್ದು ಇಷ್ಟೇ: ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದು, ಜನ ಯಾವ ಬಗೆಯ ಶ್ರೇಯಾಂಕವನ್ನಾದರೂ ಕೊಡಬಹುದು ಅಂದರೆ, ಎಲ್ಲರೂ ಒಪ್ಪಿದ್ದನ್ನು ಒಪ್ಪುವ, ಎರಡರ ಹೋಲಿಕೆಯಲ್ಲಿ ಮೂರನೆಯದನ್ನು ತಲೆಹಾಕಿಸದ, ಒಬ್ಬನೇ ಸರ್ವಾಧಿಕಾರಿಯಾಗದ, ಆದರೂ ಎಲ್ಲ ಆಯ್ಕೆಗಳನ್ನೂ ಒಂದು ಸುಸಂಗತ ಶ್ರೇಯಾಂಕಕ್ಕೆ ತರುವ ವಿಧಾನ ಇಲ್ಲ. ಇದರಲ್ಲಿ ಪ್ರತಿ ಪದವೂ ತೂಕದ್ದು. ಆಯ್ಕೆಗಳು ಒಂದೇ ಗೆರೆಯ ಮೇಲಿದ್ದು, ಪ್ರತಿಯೊಬ್ಬರಿಗೂ ಒಂದು ಬಿಂದು ಇಷ್ಟವಾಗಿ ಅಲ್ಲಿಂದ ದೂರ ಹೋದಷ್ಟೂ ಇಷ್ಟ ಕಡಿಮೆಯಾಗುವಂತಿದ್ದರೆ, ನಟ್ಟನಡುವಿನ ಮತದಾರನ ಬಿಂದು ಗೆಲ್ಲುತ್ತದೆ, ಆರೋ ಅವರ ಇಕ್ಕಟ್ಟು ಬರುವುದೇ ಇಲ್ಲ. ‘ಒಂದು ಕೆಲಸಕ್ಕೆ ಗರಿಷ್ಠ ಎಷ್ಟು ಗಂಟೆ’ ಎಂಬ ಪ್ರಶ್ನೆ ಹೀಗಿರುತ್ತದೆ. ಅದಕ್ಕೆ ಧೈರ್ಯವಾಗಿ ಮತ ಹಾಕಿಸಿ.

ಚೀಟಿ
ಮತ ಹಾಕಿಸಿ, ಆದರೆ ಹೆಚ್ಚು ಮತ ಬಿದ್ದದ್ದಕ್ಕೇ ಎಲ್ಲ ಅನ್ನಬೇಡಿ. ಊರಿನ ಹಣ ಯಾವ ಯೋಜನೆಗಳಿಗೆ ಅಂತ ಜನರೇ ಮತ ಹಾಕುವುದನ್ನು ನೋಡಿ. 100 ಜನ, ಹತ್ತು ಯೋಜನೆಗಳಿಗಾಗುವಷ್ಟು ಹಣ ಅಂದುಕೊಳ್ಳಿ. 51 ಜನ ಒಂದು ಕಡೆಯ ಹತ್ತಕ್ಕೂ, 49 ಜನ ಇನ್ನೊಂದು ಕಡೆಯ ಹತ್ತಕ್ಕೂ ಮತ ಹಾಕಿದರೆ, ಹತ್ತಕ್ಕೆ ಹತ್ತೂ 51ರ ಪಾಲು. 49 ಜನರಿಗೆ ಸೊನ್ನೆ. ಚುನಾವಣೆ ಪ್ರಾಮಾಣಿಕವಾಗಿಯೇ ನಡೆದಿರುತ್ತದೆ!

ಪೀಟರ್ಸ್ ಮತ್ತು ಸ್ಕೋವ್ರೋನ್ 2020ರಲ್ಲಿ ಮುಂದಿಟ್ಟ ಸಮಪಾಲು ವಿಧಾನದಲ್ಲಿ ಹಣವನ್ನು ಮೊದಲೇ ಎಲ್ಲರ ಹೆಸರಿಗೂ ಸಮವಾಗಿ ಬರೆದುಬಿಡುತ್ತಾರೆ. ಒಂದು ಯೋಜನೆಗೆ ಬೆಂಬಲಿಗರು ತಮ್ಮತಮ್ಮ ಪಾಲಿನಿಂದ ಕೊಟ್ಟು ಪೂರೈಸಬೇಕು. ಮೇಲಿನ ಲೆಕ್ಕದಲ್ಲಿ 51 ಜನರ ಹಣ ಐದಕ್ಕೆ ಸಾಲುತ್ತದೆ, 49 ಜನರದ್ದು ನಾಲ್ಕಕ್ಕೆ. ಒಂದು ಯೋಜನೆಯಷ್ಟು ಹಣ ಮಿಗುತ್ತದೆ, ಅದಕ್ಕೆ ಬೇರೆ ನಿಯಮ ಬೇಕು. 2023ರಲ್ಲಿ ಪೋಲೆಂಡಿನ ವಿಯೆಲಿಚ್ಕಾ ಮತ್ತು ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣಗಳು ಜನರ ಬಜೆಟ್‌ಗೆ ಇದನ್ನು ನಿಜವಾಗಿಯೂ ಬಳಸಿದವು.

ಬಿಳಿಕೋಟು
ನಾನು ಅಂಗಾಂಗ ಕಸಿಯ ಕೆಲಸದಲ್ಲಿರುವವಳು, ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ನೀವೆಲ್ಲ ಹಂಚುವ ಹೆಜ್ಜೆಯನ್ನೇ ನೋಡುತ್ತಿದ್ದೀರಿ, ಅದರೊಳಗೆ ಹೋಗುವ ಸಂಖ್ಯೆಯನ್ನು ಯಾರೂ ಕೇಳುತ್ತಿಲ್ಲ.

ಅಮೆರಿಕದಲ್ಲಿ ಯಕೃತ್ತು ಯಾರಿಗೆ ಮೊದಲು ಅನ್ನುವುದಕ್ಕೆ ಮೊದಲು ಕಾದ ದಿನಗಳನ್ನೂ, ವೈದ್ಯರ ಅಂದಾಜಿಗೆ ಬಿಟ್ಟ ಕೆಲವು ಲಕ್ಷಣಗಳನ್ನೂ ನೋಡುತ್ತಿದ್ದರು. ಬೇಗ ಹೆಸರು ಬರೆಸಿದವರಿಗೆ ಅನುಕೂಲ. (ರಾತ್ರಿ 12ರ ಸ್ಕ್ರಿಪ್ಟ್ ನೆನಪಾಯಿತೇ?) 2002ರಲ್ಲಿ ಅದನ್ನು ಬಿಟ್ಟು, ಕಾಯಿಲೆ ಎಷ್ಟು ಗಂಭೀರ ಎಂದು ಅಳೆಯುವ ಮೆಲ್ಡ್ ಅಂಕಕ್ಕೆ ಬಂದರು. ಮೂರು ರಕ್ತಪರೀಕ್ಷೆಗಳು: ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ಐಎನ್‌ಆರ್. ಯಾರ ಮುಖವನ್ನೂ ನೋಡದ ಸೂತ್ರ. ಎಲ್ಲರೂ ನಿಟ್ಟುಸಿರು ಬಿಟ್ಟರು.

ಆದರೆ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಹೆಂಗಸರಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ, ಹಾಗಾಗಿ ಮೂತ್ರಪಿಂಡ ಅಷ್ಟೇ ಕೆಟ್ಟಿದ್ದರೂ ಸಂಖ್ಯೆ ಕಡಿಮೆ ತೋರಿಸುತ್ತದೆ. ಅಂಕ ಕಡಿಮೆ, ಸರದಿ ಹಿಂದೆ. ಸೂತ್ರದಲ್ಲಿ ‘ಹೆಣ್ಣು’ ಅನ್ನುವ ಪದವೇ ಇರಲಿಲ್ಲ, ಭೇದ ಮಾತ್ರ ಇತ್ತು. 2023ರಲ್ಲಿ ಜಾರಿಗೆ ಬಂದ ಮೆಲ್ಡ್ 3.0ರಲ್ಲಿ ಹೆಂಗಸರಿಗೆ 1.33 ಅಂಕ ಸೇರಿಸಿದ್ದಾರೆ. ನಡುವೆ ಎರಡು ದಶಕ.

ಶೇಷ, ನಿಮ್ಮ ಗುಂಪುಗಳ ‘ಬೇಡಿಕೆ’ಯನ್ನು ಹೇಗೆ ಅಳೆಯುತ್ತೀರಿ? ಹಳೆಯ ಬಳಕೆಯ ದಾಖಲೆಯಿಂದಲೋ? ಹಿಂದೆ ಸಿಗದೇ ಇದ್ದವರ ಬಳಕೆ ಕಡಿಮೆ ಇರುತ್ತದಲ್ಲಪ್ಪಾ.

ಶೇಷ
...ಹೌದು ಮೇಡಂ. ಹಳೆಯ ದಾಖಲೆಯಿಂದಲೇ ತಗೊಳ್ಳೋಣ ಅಂತಿದ್ದೆ. ಎರಡು ದಿನ ಕೊಡಿ, ಯೋಚಿಸ್ಬೇಕು.

ಮೂಲೆಮನೆ
ಬಿಳಿಕೋಟು ಮೇಡಂ, ಮೊದಲ ಸಲ ಇಲ್ಲಿ ಅರ್ಥವಾಗೋ ಮಾತು ಓದಿದೆ. ನನ್ನ ಹಾಲಿನ ಮಾತು ವಾಪಸ್. ಆದ್ರೆ ಕೇಳ್ತೀನಿ, ಇಷ್ಟು ಕಷ್ಟಪಡೋ ಬದಲು ಚೀಟಿ ಎತ್ತಿದ್ರೆ ಆಗಲ್ವಾ?

ಚೀಟಿ
ನನ್ನ ಹೆಸರು ಕರೆದಿರಿ, ಬಂದೆ.

ಚೀಟಿಯಲ್ಲೂ ಮೋಸವಿಲ್ಲದೆ ಅನ್ಯಾಯವಾಗಬಹುದು. ಒಂದು ವಿಷಯವನ್ನು ಚರ್ಚಿಸಿ ಸರ್ಕಾರಕ್ಕೆ ಸಲಹೆ ಕೊಡುವ ಪ್ರಜಾಸಭೆಗಳಿಗೆ ಸಾಮಾನ್ಯ ಜನರನ್ನು ಲಾಟರಿಯಿಂದ ಆರಿಸುತ್ತಾರೆ. ಆದರೆ ಬರಲು ಒಪ್ಪಿದವರಲ್ಲಿ ಹೆಚ್ಚು ಓದಿದವರೇ ಜಾಸ್ತಿ ಇರಬಹುದು. ಅದಕ್ಕೆ ವಯಸ್ಸು, ಲಿಂಗ, ವಿದ್ಯೆಗೆ ಇಷ್ಟಿಷ್ಟು ಅಂತ ಮಿತಿ ಹಾಕುತ್ತಾರೆ. ಆ ಮಿತಿಗಳನ್ನು ತುಂಬುವ ಭರದಲ್ಲಿ ಹಳೆಯ ವಿಧಾನಗಳು ಕೆಲವರ ಅವಕಾಶವನ್ನು ಸೊನ್ನೆಯ ಹತ್ತಿರಕ್ಕೆ ತಳ್ಳುತ್ತಿದ್ದವು, ಅವರಿಗೆ ಗೊತ್ತೂ ಆಗದಂತೆ. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಧಾನ ಮಿತಿಗಳನ್ನು ಉಳಿಸಿಕೊಂಡೇ, ಅತಿ ಕಡಿಮೆ ಅವಕಾಶ ಇರುವವರ ಅವಕಾಶವನ್ನು ಆದಷ್ಟೂ ಮೇಲಕ್ಕೆತ್ತುತ್ತದೆ, ಆಮೇಲೆ ಅವರ ಮೇಲಿನವರದ್ದು, ಹೀಗೆ. ಚೀಟಿ ಎತ್ತುವುದು ಸುಲಭ ಮೂಲೆಮನೆಯವರೇ, ಡಬ್ಬಿಯಲ್ಲಿ ಯಾರ ಚೀಟಿ ಎಷ್ಟಿದೆ ಅನ್ನುವುದೇ ಪಾಡು.

ಬೆಸಸಂಖ್ಯೆ
ಆ 12 ಗಂಟೆ ಸ್ಕ್ರಿಪ್ಟ್ ಬಗ್ಗೆ ಒಂದು ಮಾತು. ಬಾಸ್ಟನ್‌ನಲ್ಲಿ ಮಕ್ಕಳಿಗೆ ಶಾಲೆ ಹಂಚೋ ಹಳೆ ವಿಧಾನದಲ್ಲಿ, ಮೊದಲ ಆಯ್ಕೆ ಅಂತ ಬರೆದೋರಿಗೇ ಮೊದಲು ಸೀಟು. ಮನಸ್ಸಿನಲ್ಲಿದ್ದ ಶಾಲೆ ಬರೆದು ಅದು ಸಿಗದೇ ಹೋದ್ರೆ, ಎರಡನೆಯದೂ ಅಷ್ಟರಲ್ಲಿ ಭರ್ತಿ. ಒಳಮರ್ಮ ಗೊತ್ತಿದ್ದ ಪೋಷಕರು ಲೆಕ್ಕ ಹಾಕಿ ಬರೀತಿದ್ರು, ಗೊತ್ತಿಲ್ಲದೋರು ನಿಜ ಬರೆದು ಕೆಟ್ಟರು. 2005ರಲ್ಲಿ ಅದನ್ನ ಬಿಟ್ಟು, ಗೇಲ್ ಮತ್ತು ಶಾಪ್ಲಿ 1962ರಲ್ಲಿ ಕೊಟ್ಟ ವಿಧಾನಕ್ಕೆ ಬಂದ್ರು, ಅಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆಯೋದು ಪೋಷಕರಿಗೆ ಕ್ಷೇಮ. ಸುಳ್ಳಿಗೆ ಲಾಭ ಇರಬಾರದು ಅನ್ನೋದು ಗಣಿತದ ಹಠ ಅಂದ್ಕೊಂಡಿದ್ದೆ. ಅದು ಆಟ ಗೊತ್ತಿಲ್ಲದೋರ ರಕ್ಷಣೆ.

ಶೇಷ *(ಹದಿನೈದು ದಿನದ ಮೇಲೆ)*
ಎಲ್ಲರಿಗೂ ಧನ್ಯವಾದ. ಆಗಿದ್ದು ಬರೀತೀನಿ.

ಎರಡನೇಓದು ಅವರು ಹೇಳಿದ ಹಾಗೆ ವ್ಯಾಖ್ಯಾನಗಳನ್ನ ದೂರಾಗಿ ಬರೆದೆ. ಆಮೇಲೆ ಆ ಕಾಗದ ಹಿಡ್ಕೊಂಡು ನಾಲ್ಕೂ ಗುಂಪಿನವರ ಹತ್ರ ಹೋಗಿ ‘ಇದರಲ್ಲಿ ನಿಮ್ಮದು ಯಾವುದು’ ಅಂತ ಕೇಳಿದೆ. ‘ನಮಗೆ ಕಮ್ಮಿ ಸಿಗ್ತಿದೆ’ ಅಂದಿದ್ದು ಒಂದೇ ಗುಂಪು. ಇನ್ನೆರಡರ ದೂರು ಪಟ್ಟಿಯಲ್ಲೇ ಇರ್ಲಿಲ್ಲ: ‘ಯಾವಾಗ ಸಿಗುತ್ತೆ ಅಂತ ಗೊತ್ತಾಗಲ್ಲ’. ಪಾಲಿನ ಗಾತ್ರದ ಬಗ್ಗೆ ಅಷ್ಟು ಓದಿದ್ದೆ, ಸಮಯದ ಬಗ್ಗೆ ಒಂದು ಪುಟವೂ ಓದಿರ್ಲಿಲ್ಲ.

ಸದ್ಯಕ್ಕೆ ಗುಂಪುಗಳ ನಡುವೆ ಡಿಆರ್‌ಎಫ್. ತೂಕವನ್ನ ಬಳಕೆಯಿಂದ ತಗೊಂಡಿಲ್ಲ, ಗುಂಪಿನ ಗಾತ್ರದಿಂದ ತಗೊಂಡೆ, ಅದೂ ತಾಲ್ಮುದ್ ಸೂತ್ರದಲ್ಲಿ. ಗಾತ್ರವನ್ನೇ ಹಕ್ಕು ಅಂತ ಹಿಡಿದಾಗ ಜಿಪಿಯು ಒಟ್ಟು ಹಕ್ಕಿನ ಅರ್ಧಕ್ಕಿಂತ ಕಮ್ಮಿ ಇದ್ದಿದ್ರಿಂದ ಇಬ್ಬರೇ ಇರೋ ಗುಂಪಿಗೆ ನೇರ ಪ್ರಮಾಣಕ್ಕಿಂತ ಸ್ವಲ್ಪ ಹೆಚ್ಚು ಬಂತು. 12 ಜನರ ಗುಂಪಿನವರು ಇದನ್ನ ಒಪ್ಪಿಲ್ಲ. ಅವರ ಪತ್ರವನ್ನ ಹಾಗೇ ಪ್ರಬಂಧದ ಅನುಬಂಧಕ್ಕೆ ಹಾಕಿದ್ದೀನಿ. ಒಂದು ಕೆಲಸಕ್ಕೆ ಗರಿಷ್ಠ ಎಷ್ಟು ಗಂಟೆ ಅನ್ನೋದಕ್ಕೆ ಮಾತ್ರ ಮತ ಹಾಕಿಸಿ ನಡುವಿನ ಸಂಖ್ಯೆ ತಗೊಂಡ್ವಿ. ಸಮ ಬಂದಾಗ ಚೀಟಿ.

ಬಿಳಿಕೋಟು ಮೇಡಂ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಗುಂಪಿನ ಗಾತ್ರ ಅಂದ್ರೂ, ಜಿಪಿಯು ಸಿಗಲ್ಲ ಅಂತ ವಿಷಯವನ್ನೇ ಬದಲಾಯಿಸ್ಕೊಂಡ ಹುಡುಗಿಯೊಬ್ಬಳು ಯಾವ ಎಣಿಕೆಗೂ ಬಂದಿಲ್ಲ. ಅವಳನ್ನ ಎಲ್ಲಿ ಬರೀಲಿ ಅಂತ ಗೊತ್ತಾಗ್ತಿಲ್ಲ.

ಬಿಳಿಕೋಟು
ಅನುಬಂಧಕ್ಕೆ ಬೇಡ. ಮೊದಲ ಅಧ್ಯಾಯದಲ್ಲೇ ಬರೀರಿ.

ಸರ್ವರ್‌ರೂಮ್
ಅದಿರ್ಲಿ, ಆ 12 ಗಂಟೆ ಸ್ಕ್ರಿಪ್ಟ್ ಏನಾಯ್ತು?

ಶೇಷ
ಇನ್ನೂ ದಿನಾ ರಾತ್ರಿ ಓಡ್ತಿದೆ ಸರ್. ಈಗ ಅದರಿಂದ ಏನೂ ಸಿಗಲ್ಲ. ಬರೆದವರು ಪಾಸಾಗಿ ಹೋಗಿದ್ದಾರೆ, ನಿಲ್ಲಿಸೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ.